ತ್ರಿಕೋನಮಿತಿಯಿಂದ ದೂರ ಮತ್ತು ಪ್ರಯಾಣಕಾಲದ ಲೆಕ್ಕ

ನೇರವಾಗಿ ಅಳೆಯಲಾಗದ ದೂರವನ್ನು, ಅಳೆದ ಒಂದು ಉದ್ದ ಹಾಗೂ ಕೋನಗಳ ನೆರವಿನಿಂದ ಕಂಡುಹಿಡಿಯುವುದು ತ್ರಿಕೋನಮಿತಿಯ ಮುಖ್ಯ ಉಪಯೋಗಗಳಲ್ಲೊಂದು. ವೇಗವೂ ತಿಳಿದಿದ್ದರೆ ಪ್ರಯಾಣಕಾಲ ದೊರೆಯುತ್ತದೆ. ನದಿ ದಾಟುವಾಗ ಈ ಎರಡು ಲೆಕ್ಕಗಳೂ ಬೇಕಾಗುತ್ತವೆ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಸೀಮೆಯಲ್ಲಿ ಹರಿಯುವ ಮಲಪ್ರಭಾ ನದಿಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿದವು.

ನದಿಯ ಅಗಲ

ದಡದ 'ಅ' ಬಿಂದುವಿನಲ್ಲಿ ನಿಂತು, ನೇರ ಎದುರು ದಡದ ಒಂದು ಮರವನ್ನು ಗುರುತಿಸಬೇಕು. ನೋಟದ ರೇಖೆಗೆ ಲಂಬವಾಗಿ ದಡದಗುಂಟ 100 ಮೀಟರ್ ಅಳೆದು 'ಬ' ಬಿಂದುವನ್ನು ತಲುಪಬೇಕು. ಇದು ಆಧಾರರೇಖೆ. 'ಬ'ದಲ್ಲಿ ಆಧಾರರೇಖೆಗೂ ಮರದ ದಿಕ್ಕಿಗೂ ನಡುವಿನ ಕೋನ 60° ಆದರೆ,

ಅಗಲ = 100 × ಟ್ಯಾನ್ 60° ≈ 173 ಮೀಟರ್.

ಕೋನವನ್ನು ತಪ್ಪಾಗಿ 61° ಎಂದು ಓದಿದರೆ ಉತ್ತರ 180 ಮೀಟರ್ ಆಗುತ್ತದೆ, ಅಂದರೆ ಶೇ. 4ರಷ್ಟು ಹೆಚ್ಚು. ಆಧಾರರೇಖೆ ತೀರ ಚಿಕ್ಕದಾಗಿ ಕೋನ 80° ಇದ್ದಿದ್ದರೆ, ಅದೇ ಒಂದು ಡಿಗ್ರಿಯ ತಪ್ಪು ಶೇ. 11ಕ್ಕೆ ಏರುತ್ತಿತ್ತು. ಆದ್ದರಿಂದ ಆಧಾರರೇಖೆಯು ಅಳೆಯಬೇಕಾದ ದೂರಕ್ಕೆ ಸರಿಸುಮಾರು ಸಮನಾಗಿರುವುದು ಒಳ್ಳೆಯದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲೂ ಮೊದಲ ಕೆಲಸವೆಂದರೆ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಸರಪಣಿಯಿಂದ ಅಳೆಯುವುದೇ ಆಗಿತ್ತು.

ದಾಟುವ ಕಾಲ

ನಿಂತ ನೀರಿನಲ್ಲಿ ದೋಣಿಯ ವೇಗ ಸೆಕೆಂಡಿಗೆ 1.5 ಮೀಟರ್, ಹರಿವಿನ ವೇಗ 0.75 ಮೀಟರ್ ಎಂದಿಟ್ಟುಕೊಳ್ಳೋಣ. ದೋಣಿಯ ಮೂತಿಯನ್ನು ನೇರ ಎದುರು ದಡಕ್ಕೆ ಹಿಡಿದರೆ ಸುಮಾರು 115 ಸೆಕೆಂಡಿನಲ್ಲಿ ದಾಟಬಹುದು. ಆದರೆ ಅಷ್ಟರಲ್ಲಿ ದೋಣಿ 87 ಮೀಟರ್ ಕೆಳಕ್ಕೆ ಸರಿದಿರುತ್ತದೆ. ಮರದ ಬುಡಕ್ಕೇ ತಲುಪಬೇಕಾದರೆ ಮೂತಿಯನ್ನು ಹರಿವಿಗೆ ಎದುರಾಗಿ θ ಕೋನದಷ್ಟು ತಿರುಗಿಸಬೇಕು:

ಸೈನ್ θ = 0.75 ÷ 1.5 = 0.5; θ = 30°.

ಆಗ ಎದುರು ದಡದತ್ತ ಸಾಗುವ ವೇಗ 1.5 × ಕೊಸೈನ್ 30° ≈ 1.3 ಮೀಟರ್, ಕಾಲ ಸುಮಾರು 133 ಸೆಕೆಂಡ್. ಸರಿಯಾದ ಜಾಗವನ್ನು ಮುಟ್ಟಲು ತೆರಬೇಕಾದ ಬೆಲೆ 18 ಸೆಕೆಂಡ್.

ಹರಿವು ದೋಣಿಗಿಂತ ವೇಗವಾಗಿದ್ದರೆ ಸೈನ್ θ ಒಂದಕ್ಕಿಂತ ಹೆಚ್ಚಾಗಬೇಕಾಗುತ್ತದೆ. ಅಂಥ ಕೋನವೇ ಇಲ್ಲ. ಅಂದರೆ ಎಷ್ಟೇ ಜಾಣತನದಿಂದ ಹುಟ್ಟು ಹಾಕಿದರೂ ನೇರ ಎದುರಿಗೆ ತಲುಪಲಾಗದು. 2019ರ ಆಗಸ್ಟ್‌ನಲ್ಲಿ ರಾಮದುರ್ಗಕ್ಕೆ ನುಗ್ಗಿದಂಥ ನೆರೆಯಲ್ಲಿ ಈ ಮಿತಿ ಮೊದಲೇ ಮೀರಿರುತ್ತದೆ. ಮೇಲಿನ ಲೆಕ್ಕವು ಹರಿವು ಎಲ್ಲೆಡೆ ಒಂದೇ ಎಂದು ಭಾವಿಸುತ್ತದೆ. ನಿಜವಾದ ನದಿಯಲ್ಲಿ ಸಾಮಾನ್ಯವಾಗಿ ನಡುನೀರಿನ ಸೆಳೆತ ದಡದ ಬಳಿಗಿಂತ ಹೆಚ್ಚು.