ನೀರೆರೆದ ಕೈ

ನಮ್ಮ ಕಾಲೇಜಿನ ಆವರಣದಲ್ಲಿ ಒಂದು ಗುಂಡಿಯುಂಟು. 1950ರಲ್ಲಿ ಕೇಂದ್ರದ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವನ್ನು ನಾವೂ ಪ್ರತಿ ಮಳೆಗಾಲದಲ್ಲಿ ತಪ್ಪದೆ ಆಚರಿಸುತ್ತೇವೆ. ಆ ಗುಂಡಿಯಲ್ಲಿ ಒಂದು ಸಸಿ ನೆಡುತ್ತೇವೆ, ಅತಿಥಿಗಳು ನೀರೆರೆಯುತ್ತಾರೆ, ನಾನು ವೃಕ್ಷಮಹಿಮೆಯನ್ನು ಕುರಿತು ನಾಲ್ಕು ಮಾತನಾಡುತ್ತೇನೆ. ಈ ಸಲ ಭಾಷಣ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಮೆಲ್ಲನೆ ಕೇಳಿದಳು:

"ಸರ್, ಹೋದ ವರ್ಷವೂ ಇದೇ ಗುಂಡಿಯಲ್ಲಿ ಹೊಂಗೆ ನೆಟ್ಟಿದ್ದೆವಲ್ಲ, ಅದೇನಾಯಿತು?"

ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಸಗೆಯ ರಜೆಯಲ್ಲಿ ಅದಕ್ಕೆ ನೀರು ಹಾಕುವವರು ಯಾರೂ ಇರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತು ಮನೆಗೆ ಬಂದವನಿಗೆ ನೆನಪಾದವರು ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನವರು. ಶಾಲೆಯ ಮೆಟ್ಟಿಲು ಹತ್ತದ ಕೂಲಿಯ ಹೆಂಗಸು. ಪತಿ ಚಿಕ್ಕಯ್ಯನವರದೂ ದುಡಿದುಣ್ಣುವ ಬಾಳು. ಮಕ್ಕಳಿಲ್ಲದ ಆ ದಂಪತಿಗಳು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಅಂಚಿನಲ್ಲಿ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರಾಚೆಯ ವರ್ಷ 20. ನೆಟ್ಟು ಕೈತೊಳೆದುಕೊಳ್ಳಲಿಲ್ಲ. ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ಬಿಂದಿಗೆಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು. 385 ಆಲದ ಮರಗಳೆಂದು ನಾಡು ಎಣಿಸಿಕೊಂಡಿರುವುದು ಆ ಬಿಂದಿಗೆಗಳ ಫಲವನ್ನೇ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ಕಣ್ಮುಚ್ಚಿದರು. ಮನೆತನದ ಹೆಸರಿನಂತೆ ಅವರ ಹೆಸರಿನ ಹಿಂದೆ ನಿಂತದ್ದು 'ಸಾಲುಮರದ' ಎಂಬ ಮಾತು.

ಪದ್ಮಶ್ರೀ ಬಂದ ಆ ವರ್ಷವೇ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದ ಆ ಮರಗಳಿಗೆ ಕೊಡಲಿಯ ಭಯ ಒದಗಿತು. ವೃದ್ಧೆ ತಾವೇ ಸರಕಾರದ ಬಾಗಿಲಿಗೆ ಹೋಗಿ ಮರಗಳ ಜೀವ ಬೇಡಿದರು. ಬೇರೆ ದಾರಿ ಹುಡುಕಲು ಸರಕಾರ ಒಪ್ಪಿತು. ಬೆಳೆಸಿದ ಮೇಲೂ ಕಾಯುವ ಹೊಣೆ ತಪ್ಪದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಹಳಗನ್ನಡ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನು ನೋಡಿ: ವಾರಣಾಸಿಯನ್ನು ಹಾಳುಮಾಡಿದ, ಸಾವಿರ ಕವಿಲೆಗಳನ್ನು ಕೊಂದ ಪಾಪದ ಸಾಲಿನಲ್ಲಿಯೇ ಕೆಲವೆಡೆ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪ ಕುಳಿತಿದೆ. ಆರವೆಯೆಂದರೆ ಮರಗಳ ತೋಪು. ತರಗತಿಯಲ್ಲಿ ಈ ಪದಕ್ಕೆ ಎಷ್ಟೋ ಸಲ ಅರ್ಥ ಹೇಳಿದ್ದೇನೆ. ಒಂದು ಹೊಂಗೆ ಒಣಗಿದಾಗ ಮಾತ್ರ ಆ ಶಾಪ ನನ್ನ ಕಡೆಗೂ ತಿರುಗಿದಂತೆ ತೋರಿತು.

ಕೊಡಲಿಯಿಂದ ಸತ್ತ ಮರವನ್ನು ಕಂಡು ಮರುಗುತ್ತೇವೆ. ಮರೆವಿನಿಂದ ಸತ್ತ ಸಸಿಗೆ ಅಳುವವರಿಲ್ಲ. ಅದರ ಗುಂಡಿಯಲ್ಲಿ ಇನ್ನೊಂದನ್ನಿಟ್ಟು ಚಪ್ಪಾಳೆ ತಟ್ಟುತ್ತೇವೆ.

ಈ ವರ್ಷ ಬೇಸಗೆಯ ರಜೆಗೆ ವಿದ್ಯಾರ್ಥಿಗಳೂ ನಾನೂ ನೀರಿನ ಪಾಳಿ ಹಂಚಿಕೊಂಡಿದ್ದೇವೆ. ಮೊದಲ ವಾರ ನನ್ನದು. ಮುಂದಿನ ವನಮಹೋತ್ಸವಕ್ಕೆ ನಮಗೆ ಬೇರೊಂದು ಗುಂಡಿ ತೋಡಬೇಕಾಗಿ ಬರಲಿ, ಇಷ್ಟೇ ನನ್ನ ಹಾರೈಕೆ.