ಟರ್ಕಿ ಇಲ್ಲದಿದ್ದರೂ ಕ್ರಿಸ್‌ಮಸ್ ಊಟ ಸೊಗಸೇ!

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಬೆನ್ಸನ್ ಟೌನ್‌ನಲ್ಲಿ ಬಾಲ್ಕನಿಗೊಂದು ನಕ್ಷತ್ರ ತೂಗತೊಡಗುತ್ತದೆ. ಸಂಜೆಯಾದರೆ ಯಾವುದೋ ಒಂದು ಮನೆಯಿಂದ ರೋಸ್ ಕುಕೀಸ್ ಕರಿಯುವ ಘಮ. ಕೇಕಿಗೆಂದು ನೆನೆಹಾಕಿದ ಒಣಹಣ್ಣಿನ ಜಾಡಿಯನ್ನು ದಿನಕ್ಕೊಮ್ಮೆ ತೆರೆದು ಮೂಸುವ ಮಕ್ಕಳು. ಇದೆಲ್ಲ ಖುಷಿಯ ಮಾತಾಯಿತು. ಆದರೆ ಗೃಹಿಣಿಯ ತಲೆ ಕೊರೆಯುವ ಪ್ರಶ್ನೆ ಬೇರೆಯೇ ಇದೆ: 25ರ ಊಟಕ್ಕೆ ಏನು ಮಾಡೋದು?

ಟಿವಿಯಲ್ಲಿ, ಗ್ರೀಟಿಂಗ್ ಕಾರ್ಡಿನಲ್ಲಿ ನೋಡಿದರೆ ಮೇಜಿನ ನಡುವೆ ಹೊಂಬಣ್ಣದ ದೊಡ್ಡ ಟರ್ಕಿ ಕೋಳಿ ಕೂತಿರುತ್ತದೆ. ಅದಿಲ್ಲದಿದ್ದರೆ ಹಬ್ಬವೇ ಅಲ್ಲವೇನೋ ಅನ್ನಿಸಿಬಿಡುತ್ತದೆ. ಇತ್ತ ನಮ್ಮ ನಿಮ್ಮ ಮನೆಯ ಸ್ಥಿತಿ ಏನು? ಕೋಳಿಗಿಂತ ಹಲವು ಪಟ್ಟು ದುಬಾರಿ ಹಕ್ಕಿ, ಪುಟ್ಟ ಓವನ್, ಫ್ರಿಜ್‌ನಲ್ಲಿ ಜಾಗವಿಲ್ಲ, ತಿನ್ನುವವರು ಆರೇಳು ಜನ. ಹಾಗಾದರೆ ಟರ್ಕಿಗೆ ಬದಲಿ ಯಾವುದು? ಬನ್ನಿ, ನೋಡೋಣ.

ನನ್ನ ಮನೆಯಲ್ಲಿ ಆದದ್ದು

ಮೊದಲು ನನ್ನದೇ ಫಜೀತಿ ಹೇಳಿಬಿಡ್ತೀನಿ. ನಮ್ಮತ್ತೆ ತೀರಿಕೊಂಡ ವರ್ಷದ ಕ್ರಿಸ್‌ಮಸ್ ಅದು. ನವೆಂಬರ್‌ನಲ್ಲೇ ಮಾವ, "ಈ ಸಲ ಟರ್ಕಿ ಮಾಡ್ತೀಯೇನಮ್ಮಾ?" ಅಂದರು. ಅತ್ತೆ ಮಾಡ್ತಿದ್ದರಲ್ಲ, ನಾನು ಮಾಡದಿದ್ದರೆ ಹೇಗೆ ಅನ್ನೋ ಹಠ ನನಗೆ. ಐದು ಕಿಲೋ ತೂಕದ, ಕಲ್ಲಿನಂತೆ ಹೆಪ್ಪುಗಟ್ಟಿದ ಟರ್ಕಿ ತಂದೆ. ಒಂದೇ ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಹೇಗೋ ಓವನ್‌ಗೆ ತುರುಕಿದೆ. ಎದೆಯ ಭಾಗ ಮೇಲಿನ ಕಾಯಿಲ್‌ಗೆ ತಾಗಿ ಕಪ್ಪಾಯಿತು. ಮೇಜಿನ ಮೇಲೆ ಕತ್ತರಿಸಿದರೆ ಮೂಳೆಯ ಬಳಿ ಇನ್ನೂ ಹಸಿ! ನೆಂಟರೆಲ್ಲ ಬ್ರೆಡ್ಡು, ಸಲಾಡು ತಿಂದು "ಪರವಾಗಿಲ್ಲ ಬಿಡಿ" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮಾವ ಹಿಂದೆಯೇ ಬಂದರು. "ಅಳಬೇಡಮ್ಮಾ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾವು ಟರ್ಕಿ ಮುಖಾನೇ ನೋಡಿರಲಿಲ್ಲ. ನಿಮ್ಮತ್ತೆ ಕೋಳೀನೇ ಪಾಟ್ ರೋಸ್ಟ್ ಮಾಡ್ತಿದ್ದಳು. ಆ ಗ್ರೇವಿಗೆ ಬ್ರೆಡ್ ಅದ್ದಿಕೊಂಡು ತಿಂತಿದ್ದೆವಲ್ಲ, ನನಗೆ ನೆನಪಾಗೋದು ಅದೇ" ಅಂದರು.

ಅದನ್ನು ನವೆಂಬರ್‌ನಲ್ಲೇ ಹೇಳಬಾರದಿತ್ತೇ ಅಂತ ನೀವು ಕೇಳಬಹುದು. ತಪ್ಪು ಅವರದಲ್ಲ, ನಾನು ಕೇಳಿರಲಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಇದು: ಮಾರ್ಕೆಟ್ಟಿಗೆ ಹೊರಡುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, "ಹಬ್ಬದ ಊಟದಲ್ಲಿ ನಿಮಗೆ ಯಾವುದು ಇರಲೇಬೇಕು?" ಎಂದು ಕೇಳಿ. ಅವರು ಟರ್ಕಿ ಅನ್ನಬಹುದು. ಇನ್ನೊಂದು ಸಲ ಕೇಳಿ. ಗ್ರೇವಿಯೋ, ಹಳದಿ ಅನ್ನವೋ, ಸಣ್ಣವೋ, ಮನಸ್ಸಿನಲ್ಲಿರುವುದು ಆಗ ಹೊರಗೆ ಬರುತ್ತದೆ.

ಟರ್ಕಿಯೇ ಯಾಕೆ?

ಟರ್ಕಿ ತಿನ್ನಲೇಬೇಕೆಂಬ ಧರ್ಮನಿಯಮ ಎಲ್ಲೂ ಇಲ್ಲ. ಈ ಹಕ್ಕಿಯ ತವರು ಅಮೆರಿಕ ಖಂಡ. ಮೆಕ್ಸಿಕೊದ ಜನ ಸಾಕಿ ಪಳಗಿಸಿದ್ದನ್ನು 16ನೇ ಶತಮಾನದಲ್ಲಿ ಯೂರೋಪಿಗೆ ಒಯ್ದರು. ತಮಾಷೆ ನೋಡಿ, ಇಂಗ್ಲಿಷರು ಇದನ್ನು ಟರ್ಕಿ ದೇಶದ್ದು ಅಂದುಕೊಂಡರೆ, ಟರ್ಕಿಯವರು ಇದಕ್ಕೆ 'ಹಿಂದಿ' ಅನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು! 1612ರ ಸುಮಾರಿಗೆ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಟರ್ಕಿ ಬಂದಾಗ ಅದು ಎಷ್ಟು ಅಪರೂಪವಾಗಿತ್ತೆಂದರೆ, ಉಸ್ತಾದ್ ಮನ್ಸೂರ್ ಅದರ ಚಿತ್ರವನ್ನೇ ಬರೆದ.

ಇಂಗ್ಲೆಂಡಿನಲ್ಲೂ ಬಹಳ ಕಾಲ ಸಾಮಾನ್ಯರ ಹಬ್ಬಕ್ಕೆ ಇದ್ದದ್ದು ಹೆಬ್ಬಾತು. 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಬಡ ಗುಮಾಸ್ತನ ಮನೆಯ ಊಟಕ್ಕೆ ಹೆಬ್ಬಾತೇ ಇದೆ. ಟರ್ಕಿ ಬರುವುದು ಸಾಹುಕಾರನ ಉಡುಗೊರೆಯಾಗಿ. ಇಂದಿಗೂ ಜರ್ಮನಿಯ ಎಷ್ಟೋ ಮನೆಗಳಲ್ಲಿ ಹೆಬ್ಬಾತು ಮಾಡುತ್ತಾರೆ, ಪೋಲೆಂಡಿನಲ್ಲಿ ಕಾರ್ಪ್ ಮೀನು. ಜಪಾನಿನಲ್ಲಂತೂ 1974ರ ಜಾಹೀರಾತಿನ ನಂತರ ಕ್ರಿಸ್‌ಮಸ್ ಎಂದರೆ ಕೆಎಫ್‌ಸಿ ಚಿಕನ್! ಅವರವರಿಗೆ ಒಗ್ಗಿದ್ದನ್ನು ಅವರವರು ತಿನ್ನುವಾಗ ನಮಗ್ಯಾಕೆ ಸಂಕೋಚ?

ಮೊದಲು ಲೆಕ್ಕ, ಆಮೇಲೆ ಮಾರ್ಕೆಟ್ಟು

ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ.

1. ಎಷ್ಟು ಜನ? ಮೂಳೆ ಸಮೇತ ಇಡೀ ಹಕ್ಕಿಯಾದರೆ ತಲೆಗೆ 400ರಿಂದ 450 ಗ್ರಾಂ ಹಸಿ ತೂಕ ಸಾಕು. ಎಂಟು ಜನಕ್ಕೆ ಮೂರೂವರೆ ಕಿಲೋ. ಜೊತೆಗೆ ಇನ್ನೊಂದು ಮಾಂಸದ ಪದಾರ್ಥವಿದ್ದರೆ ಇನ್ನೂ ಕಡಿಮೆ.

2. ಓವನ್ ಎಷ್ಟು ದೊಡ್ಡದು? ಟ್ರೇ ಒಳಗಿಟ್ಟು, ಮೇಲಿನ ಕಾಯಿಲ್‌ವರೆಗಿನ ಜಾಗವನ್ನು ಸ್ಕೇಲ್‌ನಿಂದ ಅಳೆಯಿರಿ. ಹಕ್ಕಿಯ ಮೇಲೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಓವನ್ ಇಲ್ಲದಿದ್ದರೂ ಚಿಂತೆಯಿಲ್ಲ, ದಪ್ಪ ತಳದ ಪಾತ್ರೆ ಇದ್ದರಾಯಿತು.

3. ಯಾರು ಬರುತ್ತಾರೆ? ಬೆನ್ಸನ್ ಟೌನ್‌ನಲ್ಲಿ ಇದು ಮುಖ್ಯ ಪ್ರಶ್ನೆ. ಒಂದೇ ಮಿಲ್ಲರ್ಸ್ ರಸ್ತೆಯಲ್ಲಿ ಆರ್ಚ್‌ಬಿಷಪ್ ಹೌಸೂ ಇದೆ, ಈದ್ಗಾ ಮೈದಾನವೂ ಇದೆ. ನಮ್ಮ ಮೇಜಿಗೆ ಎದುರುಮನೆಯ ಮುಸ್ಲಿಂ ಸ್ನೇಹಿತೆಯೂ ಬರಬಹುದು, ಸಸ್ಯಾಹಾರಿ ಪಕ್ಕದ ಮನೆಯವರೂ ಬರಬಹುದು.

ಇನ್ನು ಒಂದೊಂದೇ ಬದಲಿಯನ್ನು ನೋಡೋಣ.

ಒಂದಲ್ಲ, ಎರಡು ಕೋಳಿ

ಎಲ್ಲಕ್ಕಿಂತ ಸುಲಭದ ದಾರಿ ಇದು. ಒಂದು ದೊಡ್ಡ ಟರ್ಕಿಯ ಜಾಗದಲ್ಲಿ ಒಂದೂವರೆ ಕಿಲೋದ ಎರಡು ಕೋಳಿ. ಬೇಗ ಬೇಯುತ್ತದೆ, ಒಣಗುವುದಿಲ್ಲ, ನಾಲ್ಕು ಮಕ್ಕಳಿದ್ದರೆ ನಾಲ್ವರಿಗೂ ಲೆಗ್ ಪೀಸ್! ಆದರೆ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಕೇಳದೇ ಚರ್ಮ ಸುಲಿದುಬಿಡ್ತಾರೆ. ರೋಸ್ಟಿಗೆ ಚರ್ಮ ಬೇಕೇ ಬೇಕು. "ವಿತ್ ಸ್ಕಿನ್, ಇಡೀ ಕೋಳಿ" ಎಂದು ಎರಡು ದಿನ ಮೊದಲೇ ಹೇಳಿಡಿ. ಓವನ್‌ನಲ್ಲಾದರೆ 180 ಡಿಗ್ರಿಯಲ್ಲಿ ಪ್ರತಿ ಅರ್ಧ ಕಿಲೋಗೆ 20ರಿಂದ 25 ನಿಮಿಷ, ಅದರ ಮೇಲೆ ಇನ್ನೊಂದು 20 ನಿಮಿಷ.

ನಾಟಿ ರುಚಿ ಬೇಕೆನ್ನುವವರಿಗೆ ಗಿರಿರಾಜ ಇದೆ. ಇದು ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಚೆನ್ನಾಗಿ ಬೆಳೆದ ಹುಂಜ ಮೂರು ಕಿಲೋ ದಾಟುತ್ತದೆ, ಮೇಜಿನ ಮೇಲೆ ನೋಡಲೂ ಗಂಭೀರ. ಮಾಂಸ ಗಟ್ಟಿ, ಹಾಗಾಗಿ ನೇರ ಓವನ್‌ಗೆ ಇಡಬೇಡಿ. ಮೊದಲು ಮುಚ್ಚಿದ ಪಾತ್ರೆಯಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ಕೆಂಪಗೆ ಮಾಡಿ.

ಅತ್ತೆಯ ಪಾಟ್ ರೋಸ್ಟ್

ಆಂಗ್ಲೋ-ಇಂಡಿಯನ್ ಮನೆಗಳ ಈ ವಿಧಾನಕ್ಕೆ ಓವನ್ ಬೇಡ. ಒಂದೂವರೆ ಕಿಲೋದ ಕೋಳಿಗೆ ಉಪ್ಪು, ಎರಡು ಚಮಚ ಕಾಳುಮೆಣಸಿನ ಪುಡಿ, ಒಂದು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಒಂದು ದೊಡ್ಡ ಚಮಚ ವಿನೆಗರ್ ಸವರಿ ರಾತ್ರಿ ಫ್ರಿಜ್‌ನಲ್ಲಿಡಿ. ಮರುದಿನ ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ. ಎರಡು ಚೂರು ಚಕ್ಕೆ, ನಾಲ್ಕು ಲವಂಗ, ಮೂರು ಒಣಮೆಣಸಿನಕಾಯಿ, ಹೆಚ್ಚಿದ ಎರಡು ಈರುಳ್ಳಿ ಹಾಕಿ ಬಾಡಿಸಿ. ಕೋಳಿಯನ್ನು ಇಟ್ಟು ಎಲ್ಲ ಮಗ್ಗುಲೂ ಕೆಂಪಗಾಗುವಂತೆ ತಿರುಗಿಸಿ. ಒಂದೂವರೆ ಕಪ್ ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಕೊನೆಯ 25 ನಿಮಿಷದಲ್ಲಿ ಆಲೂಗಡ್ಡೆ, ಕ್ಯಾರೆಟ್ ಸೇರಿಸಿ. ಆಮೇಲೆ ಮುಚ್ಚಳ ತೆಗೆದು ನೀರು ಇಂಗಿಸಿದರೆ ತಳದಲ್ಲಿ ಉಳಿಯುತ್ತಲ್ಲ, ಆ ಕಂದು ಗ್ರೇವಿಗೇ ನಮ್ಮ ಮಾವ ಬ್ರೆಡ್ ಅದ್ದುವುದು.

ಬಾತುಕೋಳಿ

ಕೇರಳ ಮೂಲದ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆ ಅಪ್ಪಂ ಜೊತೆ ಬಾತುಕೋಳಿಯದೇ ಗತ್ತು. ರುಚಿ ಅದ್ಭುತ. ಆದರೆ ಕೊಬ್ಬು, ಮೂಳೆ ಹೆಚ್ಚು, ಮಾಂಸ ಕಡಿಮೆ. ಎರಡು ಕಿಲೋದ ಬಾತು ಮೂರು ನಾಲ್ಕು ಜನಕ್ಕಷ್ಟೇ ಸಾಲುತ್ತದೆ. ಸಣ್ಣ ಸಂಸಾರಕ್ಕೆ ಸೈ, ದೊಡ್ಡ ಗುಂಪಿಗೆ ಬೇಡ. ರೋಸ್ಟ್ ಮಾಡುವಾಗ ಚರ್ಮಕ್ಕೆ ಫೋರ್ಕ್‌ನಿಂದ ಅಲ್ಲಲ್ಲಿ ಚುಚ್ಚಿ, ಕೊಬ್ಬು ಇಳಿಯುತ್ತದೆ. ಅದನ್ನು ಚೆಲ್ಲಬೇಡಿ, ಅದರಲ್ಲೇ ಆಲೂಗಡ್ಡೆ ಹುರಿದು ನೋಡಿ!

ಕುರಿ ತೊಡೆ

ಎಲ್ಲ ಮತದ ನೆಂಟರೂ ಬರುವ ಮನೆಗೆ ಇದು ಒಳ್ಳೆಯ ಆಯ್ಕೆ. ಹಲಾಲ್ ಅಂಗಡಿಯಿಂದಲೇ ತನ್ನಿ, ಮುಸ್ಲಿಂ ಸ್ನೇಹಿತರಿಗೂ ನೆಮ್ಮದಿ. ಒಂದೂವರೆ ಕಿಲೋದ ಇಡೀ ತೊಡೆ ಐದಾರು ಜನಕ್ಕೆ ಸಾಕು. ಕುಕ್ಕರ್‌ಗೆ ಹಿಡಿಯುವಂತೆ ಕೆಳಗಿನ ಮೂಳೆ ಮುರಿದು ಕೊಡಲು ಹೇಳಿ. ಮೊಸರು, ಮಸಾಲೆ, ಒಂದು ಚಮಚ ಪರಂಗಿಕಾಯಿ ಪೇಸ್ಟ್ ಸವರಿ ರಾತ್ರಿಯಿಡೀ ಇಡಿ. ಪರಂಗಿ ಹೆಚ್ಚಾದರೆ ಮಾಂಸ ಮುದ್ದೆಯಾಗುತ್ತದೆ, ಜೋಕೆ. ಕುಕ್ಕರ್‌ನಲ್ಲಿ ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ, ನಂತರ 200 ಡಿಗ್ರಿ ಓವನ್‌ನಲ್ಲಿ 20 ನಿಮಿಷ.

ಹಂದಿ ಮಾಂಸ

ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪೋರ್ಕ್ ಬಫಾತ್, ಜೊತೆಗೆ ಸಣ್ಣ, ಅಲ್ಲಿಗೆ ಹಬ್ಬ ಪೂರ್ತಿ. ಇದರ ದೊಡ್ಡ ಅನುಕೂಲ ಎಂದರೆ ಹಿಂದಿನ ದಿನ ಮಾಡಿಟ್ಟರೆ ರುಚಿ ಇನ್ನೂ ಏರುತ್ತದೆ. ಮಧ್ಯರಾತ್ರಿಯ ಬಲಿಪೂಜೆ ಮುಗಿಸಿ ಬಂದವಳು ಬೆಳಿಗ್ಗೆ ಆರಾಮಾಗಿ ಏಳಬಹುದು. ಆದರೆ ಮುಸ್ಲಿಂ ಅತಿಥಿಗಳಿದ್ದರೆ ಆ ದಿನ ಇದನ್ನು ಬಿಟ್ಟು, ಮರುದಿನ ಮನೆಯವರಿಗೆ ಮಾತ್ರ ಮಾಡುವುದೇ ಚಂದ.

ಸಸ್ಯಾಹಾರಿಗಳಿಗೆ ಬರೀ ಸಲಾಡ್ ಬೇಡ

ಎಲ್ಲರ ಮುಂದೆ ರೋಸ್ಟ್, ಅವರ ಮುಂದೆ ಸೌತೆಕಾಯಿ! ಹಾಗೆ ಮಾಡಬೇಡಿ. ಇಡೀ ಹೂಕೋಸನ್ನು ಉಪ್ಪು-ಅರಿಶಿನದ ಕುದಿನೀರಿನಲ್ಲಿ ಏಳೆಂಟು ನಿಮಿಷ ಬೇಯಿಸಿ, ಬಸಿದು, ಗಟ್ಟಿ ಮೊಸರು, ಬೆಳ್ಳುಳ್ಳಿ, ಕಾಳುಮೆಣಸು ಸವರಿ 200 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಮೇಜಿನ ನಡುವೆ ಕೋಳಿಯಷ್ಟೇ ಠೀವಿಯಿಂದ ಕೂರುತ್ತದೆ. ಬೇರೆ ಟ್ರೇ, ಬೇರೆ ಸೌಟು ಇರಲಿ, ಮತ್ತು ಅದನ್ನು ಮೊದಲು ಬೇಯಿಸಿ ತೆಗೆದಿಡಿ. ಕೇಕಿನಲ್ಲಿ ಮೊಟ್ಟೆ ಇದೆ, ಹಣ್ಣು ರಮ್‌ನಲ್ಲಿ ನೆನೆದಿದೆ ಅನ್ನುವುದನ್ನೂ ಮೊದಲೇ ಹೇಳಿಬಿಡಿ.

ಆದರೂ ಟರ್ಕಿಯೇ ಬೇಕೆಂದರೆ?

ತನ್ನಿ, ಬೇಡವೆನ್ನುವುದಿಲ್ಲ. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರ್ಕೆಟ್ ನಮಗೆ ಆಟೋ ದೂರವಷ್ಟೇ. ಅಲ್ಲಿ ಮೊದಲೇ ವಿಚಾರಿಸಿ, ಇರುವುದರಲ್ಲಿ ಚಿಕ್ಕದನ್ನು ಆರಿಸಿ. ಹೆಪ್ಪುಗಟ್ಟಿದ ಹಕ್ಕಿಗೆ ಪ್ರತಿ ಎರಡು ಕಿಲೋಗೆ ಫ್ರಿಜ್‌ನೊಳಗೆ ಒಂದು ಪೂರ್ತಿ ದಿನ ಕೊಡಿ. ಐದು ಕಿಲೋ ಎಂದರೆ ಎರಡೂವರೆ ದಿನ. ನಾನು ಎಡವಿದ್ದು ಇಲ್ಲೇ.

ಇದು ನೆನಪಿರಲಿ

* ಹೆಪ್ಪುಗಟ್ಟಿದ ಮಾಂಸವನ್ನು ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ.
* ತೊಡೆಯ ದಪ್ಪ ಭಾಗಕ್ಕೆ ಕಡ್ಡಿ ಚುಚ್ಚಿದಾಗ ರಸ ತಿಳಿಯಾಗಿ ಬರಬೇಕು. ಥರ್ಮಾಮೀಟರ್ ಇದ್ದರೆ ಇನ್ನೂ ಖಾತ್ರಿ, ಒಳಗೆ 74 ಡಿಗ್ರಿ ತೋರಿಸಬೇಕು.
* ಒಲೆಯಿಂದ ಇಳಿಸಿದ ಮೇಲೆ 15 ನಿಮಿಷ ಬಿಟ್ಟು ಕತ್ತರಿಸಿ, ರಸ ಒಳಗೇ ಉಳಿಯುತ್ತದೆ.
* ಹೊಸ ರುಚಿಯನ್ನು ಹಬ್ಬದ ದಿನ ಮೊದಲ ಬಾರಿಗೆ ಮಾಡಬೇಡಿ. ಹಿಂದಿನ ಭಾನುವಾರ ಒಮ್ಮೆ ಸಣ್ಣದಾಗಿ ಮಾಡಿ ನೋಡಿ.
* ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಹುರಿದರೆ ಜಾಲ್‌ಫ್ರೇಜಿ. ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಉಳಿದ ರೋಸ್ಟ್ ಖರ್ಚಾಗುತ್ತಿದ್ದದ್ದೇ ಹೀಗೆ.

ಈಗ ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಎರಡು ಕೋಳಿಯ ಪಾಟ್ ರೋಸ್ಟ್. ಮೊದಲ ಸಲ ಮಾಡಿದಾಗ ಮಾವ ಒಂದು ತುಂಡು ಬ್ರೆಡ್ ಗ್ರೇವಿಗೆ ಅದ್ದಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಲವಂಗ ಒಂದು ಹೆಚ್ಚಾಯ್ತು ಕಣಮ್ಮಾ" ಅಂದು ಇನ್ನೊಂದು ತುಂಡಿಗೆ ಕೈ ಚಾಚಿದರು. ನನಗೆ ಅಷ್ಟು ಸಾಕಾಗಿತ್ತು.

ನೀವೂ ಇವತ್ತೇ ಚೀಟಿ, ಪೆನ್ನು ಹಿಡಿದು ಹಿರಿಯರ ಬಳಿ ಕೂತುಬಿಡಿ. ಹ್ಯಾಪಿ ಕ್ರಿಸ್‌ಮಸ್!