ಮಿಕ್ಕಿದ್ದೆಲ್ಲ ಅಮ್ಮನ ಪಾಲಿಗೆ

ಕಾಲೇಜು ಬಿಟ್ಟಮೇಲೆ ಗೆಳೆಯರ ಜೊತೆ ಗೋಬಿ ಮಂಚೂರಿ ತಿಂದು ಮನೆಗೆ ಬಂದರೆ ನನ್ನದು ಒಂದೇ ಮಾತು: 'ಅಮ್ಮಾ, ಹಸಿವಿಲ್ಲ.' ನನ್ನ ಪಾಲಿನ ಅನ್ನ ಏನಾಗುತ್ತದೆ ಎಂದು ಯೋಚಿಸಿದವನೇ ಅಲ್ಲ. ನಮ್ಮ ಮನೆಯಲ್ಲಿ ಒಂದಗುಳೂ ಹಾಳಾಗುವುದಿಲ್ಲ ಎಂಬ ಹೆಮ್ಮೆ ಬೇರೆ!

ಕಳೆದ ವರ್ಷ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ರಾತ್ರಿ ಎಷ್ಟು ಊಟ ಮಾಡುತ್ತೀರಿ ಎಂದು ವೈದ್ಯರು ಕೇಳಿದರು. 'ಎಷ್ಟು ಮಿಕ್ಕಿರುತ್ತೋ ಅಷ್ಟು ಡಾಕ್ಟ್ರೇ, ಬಿಸಾಡೋಕೆ ಮನಸ್ಸು ಬರಲ್ಲ' ಅಂದಳು ಅಮ್ಮ. ನಾನು ತಲೆ ತಗ್ಗಿಸಿದೆ.

2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳಲ್ಲೇ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಹಸಿವಿಲ್ಲದೆ ತಿಂದ ತುತ್ತು ಈ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಅದರಿಂದಲೂ ಯಾರ ಹಸಿವೂ ನೀಗಲಿಲ್ಲವಲ್ಲ! ತಿಂದವರ ಮೈಗೆ ಭಾರವಾಯಿತು, ಅಷ್ಟೇ.

ಈಗ ಹೊರಗೆ ತಿನ್ನುವುದಿದ್ದರೆ ಸಂಜೆ ಆರಕ್ಕೇ ಫೋನ್ ಮಾಡುತ್ತೇನೆ: 'ಅಮ್ಮಾ, ರಾತ್ರಿ ನನಗೆ ಅನ್ನ ಇಡಬೇಡ.' ಆದರೂ ಮಿಕ್ಕರೆ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಚಿತ್ರಾನ್ನ ಕಲಸಿಕೊಂಡು ನಾನೇ ತಿನ್ನುತ್ತೇನೆ. ಅನ್ನ ಉಳಿಸುವ ಕೆಲಸ ಶುರುವಾಗಬೇಕಾದದ್ದು ಊಟ ಮುಗಿದ ಮೇಲಲ್ಲ, ಅಕ್ಕಿ ಅಳೆಯುವಾಗ. ಇಷ್ಟು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.